ಕಾಗುಣಿತ ಒಂದೇ, ಅರ್ಥ ಬೇರೆ

ಮದ್ದೂರು ಎಂದೊಡನೆ ಹಲವರಿಗೆ ನೆನಪಾಗುವುದು ಮಂಡ್ಯ ಜಿಲ್ಲೆಯ ವಡೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲೂ ಒಂದು ಮದ್ದೂರಿದೆ. ಅಲ್ಲಿ ವಡೆಯ ಸುದ್ದಿಯಿಲ್ಲ. ಇರುವುದು ಬಂಡೀಪುರದ ಕಾಡು, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಹೆಸರಿನ ಕಾಗುಣಿತದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾವ ಜಿಲ್ಲೆ ಎಂದು ಕೇಳಿದ ಮೇಲೆಯೇ ಯಾವ ಊರೆಂದು ತಿಳಿಯುವುದು. ಭಾಷೆ ಯಾವುದೆಂದು ತಿಳಿಯದೆ ಅರ್ಥ ಹೇಳಲಾಗದ ಪದಗಳೂ ಹೀಗೆಯೇ ಇವೆ.

ಈ ಮದ್ದೂರಿನಿಂದ ಕಾಡು ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋದರೆ ಅಲ್ಲಿ ‘ಅರಿ’ ಎಂದರೆ ಅಕ್ಕಿ. ಕನ್ನಡದಲ್ಲಿ ಅರಿ ಎಂದರೆ ತಿಳಿ. ಅರಿಷಡ್ವರ್ಗದಲ್ಲಿ ಬಂದರೆ ಶತ್ರು. ಆದರೆ ಅಲ್ಲಿ ಬೋರ್ಡಿನ ಅಕ್ಷರವೇ ಬದಲಾಗುವುದರಿಂದ ಇದು ಮಲಯಾಳವೆಂದು ಕಣ್ಣು ಮೊದಲೇ ಎಚ್ಚರಿಸುತ್ತದೆ.

ಮಂಗಳೂರಿನ ಕಡೆ ಆ ಎಚ್ಚರಿಕೆಯೂ ಇಲ್ಲ. ತುಳುವಿನಲ್ಲೂ ಅಕ್ಕಿಗೆ ‘ಅರಿ’ ಎನ್ನುತ್ತಾರೆ, ಬರೆಯುವುದು ಕನ್ನಡ ಲಿಪಿಯಲ್ಲಿ. ತಿಗಳಾರಿ ಲಿಪಿ ಇದ್ದರೂ 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ತುಳು ಪುಸ್ತಕಗಳನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದರು. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಬಂತು. ಅಂದಿನಿಂದ ಎರಡು ಭಾಷೆಗಳು ಒಂದೇ ಅಚ್ಚುಮೊಳೆಯನ್ನು ಹಂಚಿಕೊಂಡಿವೆ.

‘ರಜೆ ಕೋರಿ’ ಎಂದು ಅರ್ಜಿ ಬರೆಯದ ವಿದ್ಯಾರ್ಥಿಯಿಲ್ಲ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಕೋರಿರೊಟ್ಟಿ ಯಾರೂ ಕೋರಿ ತರಿಸಿದ ರೊಟ್ಟಿಯಲ್ಲ, ಕೋಳಿಸಾರಿನ ಜೊತೆ ತಿನ್ನುವ ಗರಿಗರಿ ರೊಟ್ಟಿ! ಇದಕ್ಕೆ ಕಾರಣವೂ ಸ್ವಾರಸ್ಯವಾಗಿದೆ. ಮೂಲ ದ್ರಾವಿಡದ ‘ೞ’ ಧ್ವನಿ ಈ ಪದದಲ್ಲಿ ಕನ್ನಡಕ್ಕೆ ಳ ಆಗಿ ಬಂತು, ತುಳುವಿಗೆ ರ ಆಗಿ ಬಂತು. ಹಾಗೆ ಹುಟ್ಟಿದ ‘ಕೋರಿ’ ನಮ್ಮ ‘ಕೋರು’ ಕ್ರಿಯಾಪದದ ರೂಪಕ್ಕೆ ಆಕಸ್ಮಿಕವಾಗಿ ಡಿಕ್ಕಿ ಹೊಡೆಯಿತು.

ಸಿರಿಲಿಕ್ ಲಿಪಿಯನ್ನು ಹಂಚಿಕೊಂಡ ರಷ್ಯನ್ ಮತ್ತು ಬಲ್ಗೇರಿಯನ್ ಭಾಷೆಗಳಲ್ಲೂ ಇದೇ ಫಜೀತಿ. ‘ಮಾಯ್ಕಾ’ ಎಂಬ ಪದವನ್ನು ಎರಡರಲ್ಲೂ ಅದೇ ಅಕ್ಷರಗಳಲ್ಲಿ ಬರೆಯುತ್ತಾರೆ. ರಷ್ಯನ್ನರಿಗೆ ಅದು ತೋಳಿಲ್ಲದ ಬನಿಯನ್ನು, ಬಲ್ಗೇರಿಯನ್ನರಿಗೆ ತಾಯಿ.

ನಗಲು ಇದೆಲ್ಲ ಚೆನ್ನ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ. ಸಂಸ್ಕೃತದಿಂದ ಬಂದ ‘ಬಾಲೆ’ ಕನ್ನಡದಲ್ಲಿ ಹುಡುಗಿಯಾಗಿಯೇ ಉಳಿಯಿತು. ತುಳುವಿನಲ್ಲಿ ಗಂಡಾಗಲಿ ಹೆಣ್ಣಾಗಲಿ, ಮಗುವೆಲ್ಲ ಬಾಲೆಯೇ. ತುಳು ಮನೆಯ ಮಗು ಕನ್ನಡ ಪ್ರಬಂಧದಲ್ಲಿ ತನ್ನ ತಮ್ಮನನ್ನು ಬಾಲೆ ಎಂದು ಬರೆದರೆ ಕೆಂಪು ಗೆರೆ ಬೀಳುವುದು ಸಹಜ. ಅದು ಕಲಿಯದ ಮಗುವಿನ ತಪ್ಪಲ್ಲ, ಎರಡು ಭಾಷೆ ಬಲ್ಲ ಮಗುವಿನ ತಪ್ಪು. ಉತ್ತರಪತ್ರಿಕೆ ಮನೆಗೆ ಬಂದಾಗ ಗದರುವ ಬದಲು, ಆ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ ಎಡಕ್ಕೆ ತುಳು ಅರ್ಥ, ಬಲಕ್ಕೆ ಕನ್ನಡ ಅರ್ಥ ತುಂಬಿಸಬಹುದು. ಅರಿ, ಕೋರಿ, ಬಾಲೆ: ಆಗಲೇ ಮೂರು ಸಾಲಾಯಿತು.