ವಾಹನದ ಎಚ್ಚರಿಕೆ ದೀಪ ಮತ್ತು ಸ್ಕ್ಯಾನರ್ ಆಯ್ಕೆ: ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರಿಗೆ ಮಾಹಿತಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಅಡಿಕೆ, ಶುಂಠಿ, ಮೆಕ್ಕೆಜೋಳ ಹಾಗೂ ಅನಾನಸ್ ಬೆಳೆಯುವ ಕುಟುಂಬಗಳಿಗೆ ಕಾರು ಅಥವಾ ಪಿಕಪ್ ವಾಹನವು ಇಂದು ಟ್ರ್ಯಾಕ್ಟರಿನಷ್ಟೇ ಅಗತ್ಯವಾದ ಸಾಧನವಾಗಿದೆ. ಕಿತ್ತ ಶುಂಠಿಯನ್ನು ತುಂಬಿ ಮಾರುಕಟ್ಟೆಗೆ ಹೊರಡುವ ಹೊತ್ತಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಬೆಳಗಿದರೆ, ಹೊರಡಬೇಕೇ, ಸರಕನ್ನು ಇಳಿಸಿ ಗ್ಯಾರೇಜಿಗೆ ಹೋಗಬೇಕೇ ಎಂಬುದನ್ನು ಕೂಡಲೇ ತೀರ್ಮಾನಿಸಬೇಕಾಗುತ್ತದೆ. ಈ ತೀರ್ಮಾನಕ್ಕೆ ನೆರವಾಗುವ ಸಣ್ಣ ಉಪಕರಣವೇ ಸ್ಕ್ಯಾನರ್. ಆದರೆ ಪೇಟೆಯಲ್ಲಿ ದೊರೆಯುವ ಎಲ್ಲ ಸ್ಕ್ಯಾನರುಗಳೂ ಎಲ್ಲ ವಾಹನಗಳಿಗೂ ಹೊಂದುವುದಿಲ್ಲ.

ಮೊದಲು ದೀಪದ ಬಣ್ಣವನ್ನು ಗಮನಿಸಬೇಕು. ಆಯಿಲ್ ಒತ್ತಡ ಅಥವಾ ಇಂಜಿನ್ ಉಷ್ಣತೆಯ ಕೆಂಪು ದೀಪ ಬೆಳಗಿದರೆ ಸ್ಕ್ಯಾನರ್ ಹುಡುಕುತ್ತ ಕೂರದೆ ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಇಂಜಿನ್ ಬಂದ್ ಮಾಡಬೇಕು. ಹಳದಿ ಇಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಳೆಯುವ ಶಕ್ತಿಯಲ್ಲಿ ಕುಂದು, ಹೊಗೆ ಅಥವಾ ಅಸಹಜ ಶಬ್ದವಿಲ್ಲದಿದ್ದರೆ ಸಾಮಾನ್ಯವಾಗಿ ನಿಧಾನವಾಗಿ ಊರು ಸೇರಬಹುದು. ಪೆಟ್ರೋಲ್ ವಾಹನದಲ್ಲಿ ಅದೇ ದೀಪ ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಸುಟ್ಟುಹಾಕುವುದರಿಂದ ಭಾರ ಹೊತ್ತು ಮುಂದುವರಿಯಬಾರದು.

ಯಾವ ವಾಹನಕ್ಕೆ ಸ್ಕ್ಯಾನರ್ ಉಪಯುಕ್ತ?

ಸ್ಟಿಯರಿಂಗ್ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಇದನ್ನು ಒಬಿಡಿ ಸಾಕೆಟ್ ಎನ್ನುತ್ತಾರೆ. ಬಿಎಸ್-4 ಕಾರುಗಳು ಮತ್ತು ಲಘು ವಾಹನಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಆದರೆ ಬಿಎಸ್-4 ಮಾನದಂಡ ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಮಹಾನಗರಗಳ ಹೊರಗೆ ಬಿಎಸ್-3 ವಾಹನಗಳೂ ಮಾರಾಟವಾಗುತ್ತಿದ್ದವು. ಆದ್ದರಿಂದ 2014 ಅಥವಾ 2015ರ ಪಿಕಪ್ ವಾಹನದಲ್ಲಿ ಸಾಕೆಟ್ ಇದ್ದರೂ ಸಾಮಾನ್ಯ ಸ್ಕ್ಯಾನರಿಗೆ ಅದು ಉತ್ತರಿಸದಿರಬಹುದು. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಕಾರು ಮತ್ತು ಪಿಕಪ್‌ಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಟ್ರ್ಯಾಕ್ಟರಿನ ವಿಷಯ ಬೇರೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಮಾನದಂಡ 2023ರ ಜನವರಿ 1ರಿಂದ ಅನ್ವಯವಾಗಿದೆ. ಇವುಗಳ ಇಂಜಿನ್ನಿಗೆ ಎಲೆಕ್ಟ್ರಾನಿಕ್ ನಿಯಂತ್ರಣವಿದ್ದರೂ ಸಾಕೆಟ್ ಮತ್ತು ಸಂವಹನದ ಭಾಷೆ ಹೆಚ್ಚಾಗಿ ಕಾರಿನದ್ದಲ್ಲ. ಅದಕ್ಕಿಂತ ಕಡಿಮೆ ಶಕ್ತಿಯ, ಯಾಂತ್ರಿಕ ಡೀಸೆಲ್ ಪಂಪ್ ಇರುವ ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರುಗಳಲ್ಲಿ ಸ್ಕ್ಯಾನರ್ ಓದುವಂಥದ್ದು ಏನೂ ಇರುವುದಿಲ್ಲ. ಅವುಗಳಿಗಾಗಿ ಸ್ಕ್ಯಾನರ್ ಕೊಳ್ಳುವುದು ಹಣದ ಅಪವ್ಯಯ.

ಸಂಕೇತವು ಹೇಳುವುದೇನು?

ಸ್ಕ್ಯಾನರ್ ಜೋಡಿಸಿದಾಗ ಒಂದು ಅಕ್ಷರ ಮತ್ತು ನಾಲ್ಕು ಅಂಕಿಗಳ ದೋಷ ಸಂಕೇತ ಮೂಡುತ್ತದೆ. ಇಂಜಿನ್ ಸಂಬಂಧಿತ ಸಂಕೇತಗಳು ‘ಪಿ’ ಅಕ್ಷರದಿಂದ ಆರಂಭವಾಗುತ್ತವೆ. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ದಹನದ ವೈಫಲ್ಯ. ಪಿ0171 ಎಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ. ಇಲ್ಲಿಯೇ ಬಹಳ ಮಂದಿ ತಪ್ಪುತ್ತಾರೆ. ಸಂಕೇತವು ಕಂಪ್ಯೂಟರ್ ಕಂಡ ಲಕ್ಷಣವನ್ನು ಹೇಳುತ್ತದೆಯೇ ಹೊರತು ಬದಲಿಸಬೇಕಾದ ಬಿಡಿಭಾಗವನ್ನಲ್ಲ. ಅಡಿಕೆಯ ಸೋಗೆ ಹಳದಿಯಾದ ಮಾತ್ರಕ್ಕೆ ಕಾರಣ ನೀರು ನಿಂತದ್ದೇ, ಪೋಷಕಾಂಶದ ಕೊರತೆಯೇ, ಬೇರಿನ ರೋಗವೇ ಎಂದು ನೋಡದೆ ಗೊಬ್ಬರ ಸುರಿಯುವುದಿಲ್ಲವಷ್ಟೆ. ಹಾಗೆಯೇ ಪಿ0171 ಬಂದೊಡನೆ ಆಕ್ಸಿಜನ್ ಸೆನ್ಸರ್ ಬದಲಿಸಿ, ಕೊನೆಗೆ ಸೀಳಿದ ಒಂದು ರಬ್ಬರ್ ಗಾಳಿ ಕೊಳವೆ ಕಾರಣವಾಗಿತ್ತೆಂದು ತಿಳಿಯುವುದು ಅಪರೂಪವಲ್ಲ.

ಡೀಸೆಲ್ ವಾಹನದಲ್ಲಿ ಪಿ0087, ಅಂದರೆ ಇಂಧನ ರೈಲಿನ ಒತ್ತಡ ಕಡಿಮೆ ಎಂಬ ಸಂಕೇತ ಬಂದರೆ ದುಬಾರಿ ಪಂಪಿನ ಮಾತಿಗೆ ಮೊದಲು ಡೀಸೆಲ್ ಫಿಲ್ಟರನ್ನು ಪರೀಕ್ಷಿಸಬೇಕು. ತೋಟದ ಮನೆಯಲ್ಲಿ ಕ್ಯಾನ್ ಅಥವಾ ಡ್ರಮ್ಮುಗಳಲ್ಲಿ ಸಂಗ್ರಹಿಸಿದ ಡೀಸೆಲ್ ಮಳೆಗಾಲದಲ್ಲಿ ನೀರು ಹಿಡಿಯುತ್ತದೆ. ಆ ನೀರು ಫಿಲ್ಟರನ್ನು ಕಟ್ಟುವುದಲ್ಲದೆ ಪಂಪ್ ಮತ್ತು ಇಂಜೆಕ್ಟರುಗಳನ್ನೂ ಹಾಳುಮಾಡಬಲ್ಲದು.

ಮಲೆನಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಇಲಿಗಳನ್ನು ಮರೆಯುವಂತಿಲ್ಲ. ಗದ್ದೆಗೆ ನೀರು ನಿಂತಾಗ ಹಾಗೂ ಭತ್ತ ಕೊಯ್ಲಾದ ಮೇಲೆ ಅವು ಕೊಟ್ಟಿಗೆ, ಶೆಡ್ಡುಗಳಿಗೆ ಬಂದು ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರುಗಳನ್ನು ಕಡಿಯುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಸಂಕೇತಗಳು ಒಟ್ಟಿಗೆ ಮೂಡಿದರೆ ಮೊದಲು ಬ್ಯಾಟರಿ ವೋಲ್ಟೇಜ್, ನಂತರ ವೈರುಗಳು ಮತ್ತು ತೇವ ಹಿಡಿದ ಕನೆಕ್ಟರುಗಳನ್ನು ನೋಡುವುದು ಒಳಿತು. ಕಡಿದ ಒಂದು ವೈರನ್ನು ಬೆಸೆಯುವ ಕೆಲಸಕ್ಕೆ ನಾಲ್ಕು ಸೆನ್ಸರುಗಳ ಬೆಲೆ ತೆರಬೇಕಾಗಿಲ್ಲ.

ಬಿಎಸ್-6 ಡೀಸೆಲ್ ವಾಹನಗಳಲ್ಲಿ ವಿಶೇಷ ಎಚ್ಚರಿಕೆ

ಇವುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ತಡೆಹಿಡಿಯುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಸಂಗ್ರಹವಾದ ಮಸಿ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಉರಿದು ಹೋಗಬೇಕು. ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ವಾಹನದಲ್ಲಿ ಆ ಉಷ್ಣತೆ ಬರುವುದೇ ಇಲ್ಲ. ಮಸಿ ತುಂಬಿ ದೀಪ ಬೆಳಗುತ್ತದೆ. ಸ್ಕ್ಯಾನರಿನಲ್ಲಿ ಪಿ2463 ಕಾಣಬಹುದು. ಆರಂಭದ ಹಂತದಲ್ಲಿ, ವಾಹನದ ಕೈಪಿಡಿಯಲ್ಲಿ ಹೇಳಿರುವಂತೆ, ಸಾಮಾನ್ಯವಾಗಿ ಗಂಟೆಗೆ 60 ಕಿ.ಮೀ. ಆಸುಪಾಸಿನ ಒಂದೇ ವೇಗದಲ್ಲಿ 15ರಿಂದ 20 ನಿಮಿಷ ಓಡಿಸಿದರೆ ಶೋಧಕ ತಾನೇ ಶುದ್ಧವಾಗುತ್ತದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ. ಇದೆ, ವಾರಕ್ಕೊಮ್ಮೆ ಅಂಥದೊಂದು ಪ್ರಯಾಣ ಇದ್ದೇ ಇರುವವರಿಗೆ ಈ ಸಮಸ್ಯೆ ವಿರಳ. ದೀಪವನ್ನು ಕಡೆಗಣಿಸಿದರೆ ಇಂಜಿನ್ ಶಕ್ತಿ ಕುಗ್ಗಿ, ಸರ್ವೀಸ್ ಕೇಂದ್ರದಲ್ಲಿ ಶುದ್ಧಿ ಮಾಡಿಸಬೇಕಾಗುತ್ತದೆ. ಶುದ್ಧಿಯ ಹೊತ್ತಿನಲ್ಲಿ ಹೊಗೆ ಕೊಳವೆ ವಿಪರೀತ ಕಾಯುವುದರಿಂದ ಹುಲ್ಲಿನ ಬಣವೆ ಅಥವಾ ಒಣಗಿದ ಮೆಕ್ಕೆಜೋಳದ ದಂಟಿನ ಮೇಲೆ ವಾಹನ ನಿಲ್ಲಿಸಲೇಬಾರದು.

ಕೆಲವು ವಾಹನಗಳಿಗೆ ಡಿಇಎಫ್ ಎಂಬ ದ್ರವವನ್ನೂ ತುಂಬಬೇಕಾಗುತ್ತದೆ. ಅದು ಶುದ್ಧೀಕರಿಸಿದ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ ಇರುವ ದ್ರಾವಣ. ‘ಯೂರಿಯಾ ಮನೆಯಲ್ಲೇ ಇದೆಯಲ್ಲ’ ಎಂದು ಗೊಬ್ಬರದ ಚೀಲಕ್ಕೆ ಕೈ ಹಾಕುವುದು ದೊಡ್ಡ ತಪ್ಪು. 2015ರಿಂದ ಕೃಷಿ ಯೂರಿಯಾ ಸಂಪೂರ್ಣ ಬೇವು ಲೇಪಿತವಾಗಿದೆ. ಆ ಲೇಪನ, ಬೈಯುರೆಟ್ ಮತ್ತು ನೀರಿನ ಲವಣಗಳು ಸಿಂಪಡಿಸುವ ನಳಿಕೆಯನ್ನೂ ಕ್ಯಾಟಲಿಸ್ಟನ್ನೂ ಕೆಡಿಸುತ್ತವೆ. ಸಹಾಯಧನದ ಯೂರಿಯಾವನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಆಯ್ಕೆ ಹೇಗೆ?

ಅಗ್ಗದ ಮಾದರಿಯೆಂದರೆ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲ್ ಆ್ಯಪ್ ಮೂಲಕ ಓದುವ ಬ್ಲೂಟೂತ್ ಅಡಾಪ್ಟರ್. ಇವುಗಳಲ್ಲಿ ಬಹುಪಾಲು ಇಎಲ್ಎಂ327 ಎಂಬ ಚಿಪ್ಪಿನ ನಕಲುಗಳು. ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕೆಲವು ಹೊಸ ಕ್ಯಾನ್ ವಿಧಾನವನ್ನು ಮಾತ್ರ ಓದಿ, ಹಳೆಯ ಕೆ-ಲೈನ್ ವಾಹನಗಳಲ್ಲಿ ಸೋಲುತ್ತವೆ. ಐಫೋನ್ ಇರುವವರು ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು. ಇನ್ನೊಂದು ಬಗೆ, ಸ್ವಂತ ಪರದೆ ಮತ್ತು ಕೇಬಲ್ ಇರುವ ಕೈ ಸ್ಕ್ಯಾನರ್. ಬೆಲೆ ಸ್ವಲ್ಪ ಹೆಚ್ಚಾದರೂ ಫೋನ್, ನೆಟ್‌ವರ್ಕ್ ಯಾವುದರ ಹಂಗೂ ಇಲ್ಲದ್ದರಿಂದ, ಹಲವು ಮನೆಯವರು ಸೇರಿ ಒಂದನ್ನು ಕೊಂಡು ಬಳಸುವುದಾದರೆ ಇದೇ ಮೇಲು. ಗ್ಯಾರೇಜಿನವರು ಬಳಸುವ ದುಬಾರಿ ಸ್ಕ್ಯಾನರುಗಳು ಇಂಜೆಕ್ಟರ್ ಕೋಡಿಂಗ್, ಡಿಪಿಎಫ್ ಶುದ್ಧಿ ಮೊದಲಾದ ಕೆಲಸಗಳಿಗೆ ಬೇಕು. ಒಂದು ಮನೆಗೆ ಅವುಗಳ ಅಗತ್ಯವಿಲ್ಲ.

ಯಾವುದೇ ಮಾದರಿಯಾಗಲಿ, ಸಂಕೇತವನ್ನು ಓದಿ ಅಳಿಸುವುದಷ್ಟೇ ಬಲ್ಲದ್ದನ್ನು ಕೊಳ್ಳಬಾರದು. ಚಾಲನೆಯಲ್ಲಿರುವ ಇಂಜಿನ್ನಿನ ಅಂಕಿಗಳನ್ನು ತೋರಿಸುವ ಲೈವ್ ಡೇಟಾ, ದೋಷ ಉಂಟಾದ ಕ್ಷಣದ ವಿವರಗಳನ್ನು ಉಳಿಸಿಕೊಳ್ಳುವ ಫ್ರೀಜ್ ಫ್ರೇಮ್ ಮತ್ತು ವ್ಯವಸ್ಥೆಗಳ ಸ್ವಯಂ ಪರೀಕ್ಷೆ ಮುಗಿದಿದೆಯೇ ಎಂದು ತಿಳಿಸುವ ರೆಡಿನೆಸ್, ಈ ಮೂರೂ ಇರಲೇಬೇಕು. ಅಂಗಡಿಯಲ್ಲಿ ತಮ್ಮದೇ ವಾಹನಕ್ಕೆ ಜೋಡಿಸಿ ನೋಡಬೇಕು. ಇಂಜಿನ್ ಓಡುತ್ತಿರುವಾಗ ಆರ್‌ಪಿಎಂ, ಸಾಮಾನ್ಯವಾಗಿ 80ರಿಂದ 100 ಡಿಗ್ರಿಯ ನಡುವೆ ನಿಲ್ಲುವ ಕೂಲಂಟ್ ಉಷ್ಣತೆ ಮತ್ತು 13.5ರಿಂದ 14.5 ವೋಲ್ಟ್ ಆಸುಪಾಸಿನ ಚಾರ್ಜಿಂಗ್ ವೋಲ್ಟೇಜ್ ಕಂಡರೆ ಅದು ಹೊಂದುತ್ತದೆಂದು ತಿಳಿಯಬಹುದು. ಎಬಿಎಸ್ ಮತ್ತು ಏರ್‌ಬ್ಯಾಗ್ ದೀಪಗಳನ್ನು ಸಾಮಾನ್ಯ ಸ್ಕ್ಯಾನರುಗಳು ಓದುವುದಿಲ್ಲ. ಓದುತ್ತದೆಂದು ಮಾರಾಟಗಾರ ಹೇಳಿದರೆ ಅದನ್ನೂ ಅಲ್ಲಿಯೇ ತೋರಿಸಲು ಕೇಳಬೇಕು.

ಬಳಸುವಾಗ ಮೊದಲು ಸಂಕೇತ ಮತ್ತು ಫ್ರೀಜ್ ಫ್ರೇಮ್ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು ಅಥವಾ ಚಿತ್ರ ತೆಗೆದುಕೊಳ್ಳಬೇಕು. ದೀಪವನ್ನು ಅಳಿಸಿ ಗ್ಯಾರೇಜಿಗೆ ಹೋದರೆ ಆ ವಿವರಗಳೂ ಅಳಿದು ಮೆಕ್ಯಾನಿಕ್ ಊಹೆಯಿಂದ ಆರಂಭಿಸಬೇಕಾಗುತ್ತದೆ. ವಾರಂಟಿಯಲ್ಲಿರುವ ವಾಹನದಲ್ಲಂತೂ ಅಳಿಸುವ ಗೋಜಿಗೆ ಹೋಗಬಾರದು. ಸಾಕೆಟ್ಟಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುವುದರಿಂದ, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ವಾಹನದಲ್ಲಿ ಅಡಾಪ್ಟರ್ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ.

ಹಳೆಯ ವಾಹನ ಕೊಳ್ಳುವಾಗ ಸ್ಕ್ಯಾನರಿನ ಇನ್ನೊಂದು ಉಪಯೋಗವಿದೆ. ಇಂಜಿನ್ ದೀಪ ಆರಿದ್ದು, ರೆಡಿನೆಸ್ ಪಟ್ಟಿಯಲ್ಲಿ ಬಹುತೇಕ ಪರೀಕ್ಷೆಗಳು ಅಪೂರ್ಣವೆಂದು ತೋರಿಸಿದರೆ, ಇತ್ತೀಚೆಗೆ ಸಂಕೇತಗಳನ್ನು ಅಳಿಸಿರುವ ಅಥವಾ ಬ್ಯಾಟರಿ ಸಂಪರ್ಕ ಕಳಚಿರುವ ಸಾಧ್ಯತೆ ಇದೆ. ಬ್ಯಾಟರಿ ಹೊಸದೆಂದು ಮಾರುವವರು ಹೇಳಬಹುದು, ಅದು ನಿಜವೂ ಇರಬಹುದು. ಅಂಥ ವಾಹನವನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಪಟ್ಟಿ ಪೂರ್ಣಗೊಂಡು ಹೊಸ ಸಂಕೇತ ಬಾರದಿದ್ದರೆ ಮಾತ್ರ ಮುಂಗಡ ಕೊಡಬೇಕು.