ತುಪ್ಪ ಬಿಡಿಸಬಾರದ ಸಕ್ಕರೆ ಕಾಯಿಲೆ

'ಶುಗರ್ ಐತಾ? ಅನ್ನ ಬಿಡ್ರಿ, ರೊಟ್ಟಿ ತಿನ್ರಿ.' ಭತ್ತದ ನಾಡಾದ ಗಂಗಾವತಿಯಲ್ಲೂ ಈ ಮಾತು ಕೇಳಿಸುತ್ತದೆ. ಜೋಳದ ಸೀಮೆಯಾದ ಕುಷ್ಟಗಿ, ಯಲಬುರ್ಗಾದಲ್ಲಿ ತುಪ್ಪ, ಉಪ್ಪಿಗೂ ಕತ್ತರಿ ಬೀಳುತ್ತದೆ. ಬಹುತೇಕರಿಗೆ ಇದು ಒಳ್ಳೆಯ ಸಲಹೆಯೇ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಇರುವ ಹುಡುಗನಿಗೆ ಸಕ್ಕರೆ ಕಾಯಿಲೆ ಬಂದರೆ ಇದೇ ಪಥ್ಯ ಅವನನ್ನು ಇನ್ನಷ್ಟು ಸೊರಗಿಸುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ರೋಗ. ಮೂಲ, 1989ರಲ್ಲಿ ಪತ್ತೆಯಾದ ಸಿಎಫ್‌ಟಿಆರ್ ಎಂಬ ಜೀನಿನ ದೋಷ. ಜೀವಕೋಶದ ಪೊರೆಯಲ್ಲಿ ಉಪ್ಪಿನಂಶ ದಾಟುವ ದಾರಿ ಕೆಟ್ಟು, ಮೈಯೊಳಗಿನ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಮುಚ್ಚಿ ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ತಿಂದ ಜಿಡ್ಡು ಮಲದಲ್ಲೇ ಹೋಗುತ್ತದೆ. ವರ್ಷಗಳು ಕಳೆದಂತೆ ಗ್ರಂಥಿ ನಾರುಗಟ್ಟುತ್ತದೆ, ಅದರೊಳಗೆ ಇನ್ಸುಲಿನ್ ಮಾಡುವ ಕೋಶಗಳೂ ನಶಿಸುತ್ತವೆ. ಈ ರೋಗವಿರುವ ಎಳೆಯ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಅಪರೂಪ. ಹದಿಹರೆಯದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ದೊಡ್ಡವರಲ್ಲಿ ಶೇ 40ರಿಂದ 50ರಷ್ಟು ಜನರಿಗೆ ಬರುತ್ತದೆ.

ಅದು ಬರುವುದೂ ಸದ್ದಿಲ್ಲದೆ. ಬಾಯಾರಿಕೆಗೂ ಮೊದಲು ತೂಕ ನಿಲ್ಲುತ್ತದೆ, ಉಸಿರಾಟದ ಶಕ್ತಿ ಕುಗ್ಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇಲ್ಲಿ ನಂಬಿಕೆಗೆ ಸಾಲದು. ಅದಕ್ಕೇ 10 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಬೇಕು. ಚಿಕಿತ್ಸೆ ಇನ್ಸುಲಿನ್. ಊಟ ಕಡಿಮೆ ಮಾಡುವಂತಿಲ್ಲ. ಅನ್ನ, ತುಪ್ಪ, ಶೇಂಗಾ, ಮೊಟ್ಟೆ ಎಲ್ಲವೂ ಬೇಕು, ಜೊತೆಗೆ ಜೀರ್ಣಕ್ಕೆ ಕಿಣ್ವದ ಮಾತ್ರೆ. ಬಾಟಲಿಯ ಸಿಹಿ ಪಾನೀಯ ಮಾತ್ರ ಬಿಟ್ಟರೆ ಒಳ್ಳೆಯದು.

ಉಪ್ಪಿನ ಕಥೆ ಕೊಪ್ಪಳದ ಬಿಸಿಲಿಗೆ ನೇರವಾಗಿ ತಾಗುತ್ತದೆ. ಈ ರೋಗಿಗಳ ಬೆವರಿನಲ್ಲಿ ವಿಪರೀತ ಉಪ್ಪು ಸೋರಿಹೋಗುತ್ತದೆಂದು 1953ರಲ್ಲಿ ನ್ಯೂಯಾರ್ಕಿನ ವೈದ್ಯ ಪಾಲ್ ಡಿ ಸಾಂಟ್‌ಆಗ್ನೀಸ್ ತೋರಿಸಿದರು. 40 ಡಿಗ್ರಿಯ ಬೇಸಿಗೆಯಲ್ಲಿ ಅಂಥ ಮಗು ದಿಢೀರನೆ ನಿತ್ರಾಣವಾಗಬಹುದು. ಅದಕ್ಕೆ ಉಪ್ಪು ಹೆಚ್ಚೇ ಬೇಕು.

ತಂದೆತಾಯಿ ಇಬ್ಬರಲ್ಲೂ ದೋಷದ ಜೀನ್ ಇದ್ದರೆ ಪ್ರತಿ ಹೆರಿಗೆಯಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿರುವ ಮನೆಗಳಲ್ಲಿ ಹಾಗಾಗುವ ಸಂಭವ ಹೆಚ್ಚು. ಆದರೂ ನಮ್ಮಲ್ಲಿ ಇದು ಯುರೋಪಿನವರ ಕಾಯಿಲೆ ಎಂಬ ಭಾವನೆ ಹೋಗಿಲ್ಲ. ಕೆಮ್ಮು ಕಂಡರೆ ಟಿಬಿ, ಬಡಕಲು ಕಂಡರೆ ಅಪೌಷ್ಟಿಕತೆ ಎನ್ನುವುದು ಸುಲಭ.

ಬಿಡದ ಕೆಮ್ಮು, ಜಿಡ್ಡಿನ ಮಲ, ಏರದ ತೂಕ, ಮುದ್ದಿಸಿದರೆ ಉಪ್ಪುಪ್ಪಾಗುವ ಚರ್ಮ: ಇವು ಮಗುವಿನಲ್ಲಿ ಒಟ್ಟಿಗೆ ಕಂಡರೆ ಮಕ್ಕಳ ವೈದ್ಯರನ್ನು ಬೆವರಿನ ಪರೀಕ್ಷೆ ಎಲ್ಲಿ ಆಗುತ್ತದೆಂದು ಕೇಳಿ. ದೊಡ್ಡ ಊರಿಗೆ ಹೋಗಬೇಕಾದರೂ ಮಾಡಿಸಿ.