ವೇದಿಕೆಯ ಕಿವಿ, ಸಭೆಯ ಕಿವಿ

ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿ, ಅವರ ಘನವಾದ ಶಾರೀರಕ್ಕೆ ಪಕ್ಕವಾದ್ಯ ನುಡಿಸುತ್ತ ಬೆಳೆದ ಟಿ. ಚೌಡಯ್ಯನವರು, ಪಿಟೀಲಿನ ನಾದವು ಮುಂದಿನ ನಾಲ್ಕು ಸಾಲುಗಳನ್ನು ದಾಟುವಷ್ಟರಲ್ಲಿಯೇ ಬಡವಾಗಿಬಿಡುತ್ತದಲ್ಲಾ ಎಂಬ ಕೊರಗಿಗೆ ಪರಿಹಾರವಾಗಿ, ನಾಲ್ಕು ತಂತಿಗಳ ಆ ವಾದ್ಯಕ್ಕೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡುದು ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕಡೆಯ ಸಾಲಿನ ರಸಿಕನಿಗೆ ನಾದವನ್ನು ಮುಟ್ಟಿಸಲು ವಿದ್ವಾಂಸನಿಗಿದ್ದ ಉಪಾಯಗಳು ಎರಡೇ: ತನ್ನ ದೇಹವನ್ನು ಪಳಗಿಸುವುದು, ಇಲ್ಲವೆ ವಾದ್ಯವನ್ನು ಬಲಪಡಿಸುವುದು. ಚೌಡಯ್ಯನವರ ಸ್ಮರಣೆಗಾಗಿ ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ತಲೆಯೆತ್ತಿದ ಸಭಾಭವನದಲ್ಲಿ ಇಂದು ಪಿಟೀಲು ನುಡಿಸುವವರ ಮುಂದೆ ಒಂದು ಮೈಕು ನಿಂತಿರುತ್ತದೆ; ಅದರ ತಂತಿಯ ಇನ್ನೊಂದು ಕೊನೆಯಲ್ಲಿ, ಸಭೆಯ ಹಿಂಭಾಗದ ಮೇಜಿನ ಬಳಿ, ಅಂದಿನ ರಾತ್ರಿಯ ಕಚೇರಿಯ ಭಾಗ್ಯವನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಒಬ್ಬ ಮನುಷ್ಯ ಕುಳಿತಿರುತ್ತಾನೆ. ಏಳು ತಂತಿಗಳ ಆ ಪಿಟೀಲಿನಿಂದ ಈ ಮನುಷ್ಯನವರೆಗೆ ನಡೆದುಬಂದ ದಾರಿಯನ್ನೂ, ಆ ದಾರಿಯಲ್ಲಿ ಹಾಡುವವರಿಗೂ ಕೇಳಿಸುವವರಿಗೂ ನಡೆದ ಜಟಾಪಟಿಗಳನ್ನೂ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಧ್ವನಿವರ್ಧಕದ ಜನ್ಮವೃತ್ತಾಂತದಲ್ಲಿ ನನ್ನನ್ನು ಬಹುವಾಗಿ ಸೆಳೆದಿರುವ ಸಂಗತಿಯೆಂದರೆ, ಅದು ಹುಟ್ಟುತ್ತಲೇ ಕಿರುಚಿತೆಂಬುದು. ಕ್ಯಾಲಿಫೋರ್ನಿಯಾದ ನಾಪಾ ಎಂಬ ಊರಿನಲ್ಲಿ 1915ರಲ್ಲಿ ಡೆನ್ಮಾರ್ಕಿನಿಂದ ಬಂದ ಪೀಟರ್ ಜೆನ್ಸನ್ ಮತ್ತು ಅವರ ಜೊತೆಗಾರ ಎಡ್ವಿನ್ ಪ್ರಿಡ್ಹಮ್ ಎಂಬ ಇಬ್ಬರು, ತಾವು ರಚಿಸಿದ್ದ ಯಂತ್ರಕ್ಕೆ ಗ್ರಾಮಫೋನಿನ ಕಹಳೆಯೊಂದನ್ನು ಸಿಕ್ಕಿಸಿ, ಮೈಕನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಲು ತೊಡಗಿದಾಗ, ಕೋಣೆಯ ತುಂಬ ಕಿವಿ ಹರಿಯುವಂಥ ಊಳು ಎದ್ದಿತು. ಕಹಳೆಯಿಂದ ಹೊರಟ ಸದ್ದು ಮೈಕಿನೊಳಗೆ ಹೊಕ್ಕು, ಬಲಿತು, ಮತ್ತೆ ಕಹಳೆಯಿಂದ ಹೊರಬಂದು, ಮತ್ತೆ ಹೊಕ್ಕು ಹೀಗೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ಚಕ್ರಕ್ಕೆ ವಿಜ್ಞಾನಿಗಳು ಲಾರ್ಸೆನ್ ಪರಿಣಾಮವೆಂದು ಇನ್ನೊಬ್ಬ ಡೇನಿಷ್ ಪಂಡಿತರ ಹೆಸರಿಟ್ಟಿದ್ದಾರೆ. ನಮ್ಮವರು ‘ಮೈಕು ಕೂಗುತ್ತಿದೆ’ ಎನ್ನುತ್ತಾರೆ. ಜೆನ್ಸನ್ ಮತ್ತು ಪ್ರಿಡ್ಹಮ್ ಕಹಳೆಯನ್ನು ಮನೆಯ ಮಾಡಿನ ಮೇಲಕ್ಕೆ ಸಾಗಿಸಿ, ಮೈಕನ್ನು ಕೆಳಗೇ ಇರಿಸಿಕೊಂಡು, ಎರಡನ್ನೂ ದೂರಮಾಡಿದ ಮೇಲೆ ಆ ಕೂಗು ಅಡಗಿತು. ಆ ವರ್ಷದ ಕ್ರಿಸ್‌ಮಸ್ಸಿನ ಮುನ್ನಾದಿನ ಸ್ಯಾನ್ ಫ್ರಾನ್ಸಿಸ್ಕೋ ನಗರಭವನದ ಮುಂದೆ ನೆರೆದ ಭಾರಿ ಜನಸ್ತೋಮ ಈ ಯಂತ್ರದ ಮೂಲಕ ಮಾತನ್ನೂ ಸಂಗೀತವನ್ನೂ ಕೇಳಿ ಬೆರಗಾಯಿತು. ಮಾಗ್ನವಾಕ್ಸ್, ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮಹಾಧ್ವನಿ, ಎಂದು ಅದಕ್ಕೆ ಹೆಸರಾಯಿತು.

ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಮೊದಮೊದಲು ಕೆಲಸ ಕೊಟ್ಟುದು ಸಂಗೀತವಲ್ಲ, ಸ್ವಾತಂತ್ರ್ಯದ ಹೋರಾಟ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನಕ್ಕೆ ಧ್ವನಿವರ್ಧಕಗಳನ್ನು ಒದಗಿಸಿದ ಮೋಟವಾನಿಯವರ ಶಿಕಾಗೋ ರೇಡಿಯೋ ಸಂಸ್ಥೆಯ ಹೆಸರನ್ನು, ಗಾಂಧೀಜಿ ಮತ್ತು ನೆಹರೂ ಅವರ ಹಳೆಯ ಭಾವಚಿತ್ರಗಳಲ್ಲಿ ಅವರ ಮುಖದೆದುರಿನ ಮೈಕಿನ ಮೇಲೆ ಇಂದಿಗೂ ಓದಬಹುದು. 1940ರಲ್ಲಿ ದೆಹಲಿಯಲ್ಲಿ ಆರಂಭವಾದ ಅಹುಜಾ ಕಂಪೆನಿಯ ಪೆಟ್ಟಿಗೆಗಳು ಕಾಲಕ್ರಮದಲ್ಲಿ ನಮ್ಮ ಜಾತ್ರೆ, ಮದುವೆ, ಚುನಾವಣೆ, ಟೂರಿಂಗ್ ಟಾಕೀಸುಗಳನ್ನೆಲ್ಲ ವ್ಯಾಪಿಸಿದುವು. ಶಾಮಿಯಾನ ಕಟ್ಟುವವರೇ ಮರಕ್ಕೆ ಹಾರ್ನು ಕಟ್ಟುವವರೂ ಆದರು. ‘ಮೈಕ್ ಸೆಟ್ಟಿನವನು’ ಎಂಬ ಹೊಸ ವೃತ್ತಿ ಊರೂರಿಗೂ ಬಂದಿತು. ಭಾಷಣವನ್ನು ದೂರಕ್ಕೆ ಒಯ್ಯಲೆಂದು ರಚಿತವಾದ ಆ ಹಾರ್ನು, ತಂಬೂರಿಯ ಷಡ್ಜವನ್ನು ತೆಳ್ಳಗೆ ಮಾಡಿ, ಘಟದ ನಾದವನ್ನು ತಗಡಿನ ಸದ್ದಾಗಿಸಿ ಸಭೆಗೆ ಉಣಬಡಿಸಿದಾಗ ವಿದ್ವಾಂಸರು ನೊಂದುಕೊಂಡುದು ಸಹಜವೇ ಆಗಿದ್ದಿತು.

ಆದರೆ ಮೈಕು ಬಂದುದರಿಂದ ಸಂಗೀತಕ್ಕಾದ ಲಾಭವನ್ನು ಮರೆಯುವುದು ಕೃತಘ್ನತೆ. ಕಂಪೆನಿ ನಾಟಕಗಳ ಕಾಲದಲ್ಲಿ ನಾಲ್ಕು ಮನೆ, ಐದು ಮನೆ ಶ್ರುತಿಯಲ್ಲಿ ಕಂಠವನ್ನು ಎತ್ತಿ ಹಾಡಿದರೆ ಮಾತ್ರ ಗಾಯಕನೆನಿಸಿಕೊಳ್ಳಬಹುದಾಗಿದ್ದಿತು. ಮೈಕಿನ ಮುಂದೆ ಮೆಲುದನಿಗೂ ಮಾನ ದೊರೆಯಿತು. ಎಂ.ಡಿ. ರಾಮನಾಥನ್ ಅವರಂಥ ಮಂದ್ರಗಂಭೀರ ಶಾರೀರದವರು ಪಾತಾಳದಂಥ ಶ್ರುತಿಯಲ್ಲಿ ನಿಧಾನವಾಗಿ ಹಾಡುತ್ತಿದ್ದುದು ಸಾವಿರಾರು ಜನರನ್ನು ಮುಟ್ಟಲು ಮೈಕೇ ಕಾರಣ; ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಸೂಕ್ಷ್ಮವಾದ ಮೀಟು ಚಪ್ಪರದ ಕಡೆಯ ಕಂಬವನ್ನು ತಲುಪಿದುದಕ್ಕೂ ಅದೇ ಕಾರಣ. ಈ ಲಾಭದ ಜೊತೆಯಲ್ಲಿಯೇ ಒಂದು ಅಗಲಿಕೆಯೂ ಬಂದಿತು. ಹಿಂದೆ ವಿದ್ವಾಂಸನು ಕೇಳುತ್ತಿದ್ದ ನಾದವೂ ಶ್ರೋತೃಗಳು ಕೇಳುತ್ತಿದ್ದ ನಾದವೂ ಒಂದೇ ಗಾಳಿಯಲ್ಲಿ ಹುಟ್ಟಿದುವು. ಈಗ ಸಭೆಗೆ ತಲುಪುವುದು ಬೇರೆ, ವೇದಿಕೆಯ ಮೇಲೆ ಕೇಳುವುದು ಬೇರೆ. ತಾನು ಹಾಡಿದ್ದು ಸಭೆಯಲ್ಲಿ ಹೇಗೆ ಕೇಳಿತೆಂಬುದನ್ನು ಹಾಡಿದವರು ಆ ಗಳಿಗೆಯಲ್ಲಿ ಎಂದೆಂದಿಗೂ ತಿಳಿಯಲಾರರು. ವೇದಿಕೆಯ ಮೇಲೆ ಕುಳಿತವರಿಗೆ ಏನು ಕೇಳುತ್ತಿಲ್ಲವೆಂಬುದು ಮೇಜಿನ ಬಳಿ ಇರುವವನಿಗೆ ತಿಳಿಯದು. ನಾನು ಕಂಡ ಜಗಳಗಳೆಲ್ಲವೂ ಈ ಒಂದು ಬಿರುಕಿನಿಂದ ಹುಟ್ಟಿದುವೇ.

ನಮ್ಮ ಕಡೆಯ ಒಂದು ರಾಮನವಮಿ ಉತ್ಸವದಲ್ಲಿ, ಕಾಯಿಲೆ ಬಿದ್ದ ಮೈಕಿನವನು ತನ್ನ ಬದಲಿಗೆ ಒಬ್ಬ ಹುಡುಗನನ್ನು ಕಳುಹಿಸಿದ್ದನು. ಮದುವೆ ಮೆರವಣಿಗೆಗಳನ್ನು ಮಾತ್ರ ಬಲ್ಲ ಆ ಹುಡುಗನಿಗೆ ಯಜಮಾನನು ಕೊಟ್ಟಿದ್ದ ಉಪದೇಶ ಸರಳವಾಗಿದ್ದಿತು: ವಿದ್ವಾಂಸರು ಕೈ ಮೇಲೆತ್ತಿದರೆ ಜಾಸ್ತಿ ಮಾಡು, ಕೆಳಗಿಳಿಸಿದರೆ ಕಡಿಮೆ ಮಾಡು. ಗಾಯಕರು ತೋಡಿಯ ಆಲಾಪನೆಗೆ ತೊಡಗಿ, ರಾಗವನ್ನು ಹಂತಹಂತವಾಗಿ ಬೆಳೆಸುತ್ತ, ಬಲಗೈಯನ್ನು ಗೋಪುರದ ಮೆಟ್ಟಿಲು ಹತ್ತುವಂತೆ ಮೇಲಕ್ಕೆ ಒಯ್ಯುತ್ತ ತಾರಷಡ್ಜವನ್ನು ಸಮೀಪಿಸಿದಂತೆಲ್ಲ, ಹುಡುಗನೂ ಗುಂಡಿಯನ್ನು ಭಕ್ತಿಯಿಂದ ತಿರುಗಿಸುತ್ತ ಹೋದನು. ಷಡ್ಜಕ್ಕೆ ನಿಂತ ಕ್ಷಣದಲ್ಲಿ ಮೈಕು ಇಡೀ ಬೀದಿ ಬೆಚ್ಚುವಂತೆ ಕೂಗಿತು. ಗಾಬರಿಗೊಂಡ ಗಾಯಕರು ಎರಡೂ ಕೈಗಳನ್ನು ಕೆಳಕ್ಕೆ ಒತ್ತಿದರು. ಹುಡುಗನು ಪೂರ್ತಿ ಇಳಿಸಿಬಿಟ್ಟನು. ಮುಂದೆ ಅವರು ಮಂದ್ರಸ್ಥಾಯಿಗಿಳಿದು, ಅಂಗೈಯನ್ನು ನೆಲದತ್ತ ತೇಲಿಸುತ್ತ ಹೃದಯಂಗಮವಾಗಿ ಹಾಡುತ್ತಿದ್ದ ಐದು ನಿಮಿಷಗಳ ಕಾಲ ಹಿಂದೆ ಕುಳಿತಿದ್ದ ನಮಗೆ ಕಂಡುದು ಅವರ ತುಟಿಗಳ ಅಲುಗಾಟ ಮಾತ್ರ. ಕಚೇರಿ ಮುಗಿದ ಮೇಲೆ ಕಾರಣ ತಿಳಿದು ಆ ಹಿರಿಯರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೋಸಂಬರಿ ತಿನ್ನಿಸಿದರು.

ಇನ್ನೊಂದು ಪ್ರಸಂಗಕ್ಕೆ ಕಾರಣವಾದುದು ಒಂದೇ ಒಂದು ಪದ. ವೇದಿಕೆಯ ಮೇಲಿನವರಿಗೆ ತಮ್ಮದೇ ಸಂಗೀತ ಕೇಳಲೆಂದು ಅವರತ್ತ ಮುಖಮಾಡಿ ಇಡುವ ಪೆಟ್ಟಿಗೆಯನ್ನು ತಂತ್ರಜ್ಞರು ಮಾನಿಟರ್ ಎನ್ನುತ್ತಾರೆ. ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರಲ್ಲಿ ಬಹುಮಂದಿ ಅದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ತಂತ್ರಜ್ಞರ ನಿಘಂಟಿನಲ್ಲಿ ಫೀಡ್‌ಬ್ಯಾಕ್ ಎಂದರೆ ಜೆನ್ಸನ್ನರನ್ನು ಮಾಡು ಹತ್ತಿಸಿದ ಆ ಊಳು. ಸ್ಟುಡಿಯೋದಲ್ಲಿ ಕಲಿತು ಹೊಸದಾಗಿ ಬಂದಿದ್ದ ತರುಣನೊಬ್ಬನು ಒಂದು ಗಂಟೆಯ ಪರಿಶ್ರಮದಿಂದ ಎಲ್ಲ ಊಳನ್ನೂ ಅಡಗಿಸಿ ನೆಮ್ಮದಿಯಿಂದ ನಿಂತಿದ್ದಾಗ, ಮೃದಂಗದ ಹಿರಿಯರು ಕೇಳಿದರು: “ಏನಪ್ಪಾ, ನನಗೆ ಫೀಡ್‌ಬ್ಯಾಕೇ ಬರ್ತಾ ಇಲ್ಲವಲ್ಲ?”

“ಬರಬಾರದು ಅಂತಲೇ ಸರ್, ಒಂದು ಗಂಟೆಯಿಂದ ಒದ್ದಾಡ್ತಾ ಇದ್ದೀನಿ,” ಎಂದನು ತರುಣ.

ಹಿರಿಯರು ಮಾತಿಲ್ಲದೆ ಮೃದಂಗವನ್ನು ಗೌಸಿನೊಳಗೆ ಸೇರಿಸತೊಡಗಿದರು. ಪಿಟೀಲಿನ ವಿದುಷಿಯವರು ನಡುವೆ ಬಂದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥಮಾಡಿಸದಿದ್ದರೆ ಅಂದಿನ ಕಚೇರಿ ಮೃದಂಗವಿಲ್ಲದೆಯೇ ನಡೆಯಬೇಕಾಗುತ್ತಿದ್ದಿತು.

ವೇದಿಕೆಯವರಿಗೆ ತಮ್ಮ ನಾದವೇ ಕೇಳದಿದ್ದರೆ ಆಗುವ ಸಂಕಟಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದುಂಟು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರಕ್ಕೂ ಮಿಕ್ಕ ಜನರ ಮುಂದೆ ಬೀಟಲ್ಸ್ ತಂಡ ಹಾಡಿದಾಗ, ಗಿಟಾರುಗಳಿಗೆ ಇದ್ದುದು ನೂರು ವಾಟಿನ ಪೆಟ್ಟಿಗೆಗಳು; ಕಂಠಸ್ವರ ಹೊರಟುದು ಆಟದ ಪ್ರಕಟಣೆಗಳಿಗಾಗಿ ಇದ್ದ ಧ್ವನಿವರ್ಧಕಗಳಿಂದ. ಅಭಿಮಾನಿಗಳ ಚೀತ್ಕಾರದಲ್ಲಿ ಹಾಡುವವರಿಗೆ ತಮ್ಮ ದನಿಯೇ ಕೇಳಲಿಲ್ಲ; ಡ್ರಮ್ ಬಾರಿಸುತ್ತಿದ್ದ ರಿಂಗೋ ಸ್ಟಾರ್, ಜೊತೆಗಾರರ ಮೈಯ ಅಲುಗಾಟವನ್ನು ಹಿಂದಿನಿಂದ ನೋಡಿಕೊಂಡು ಲಯ ಹಿಡಿಯುತ್ತಿದ್ದುದನ್ನು ಅನಂತರ ಹೇಳಿಕೊಂಡಿದ್ದಾರೆ. ಮರುವರ್ಷವೇ ಆ ತಂಡವು ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿತು. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡದವರು ಈ ಬಿರುಕನ್ನು ಬೇರೊಂದು ರೀತಿಯಲ್ಲಿ ಮುಚ್ಚಲೆತ್ನಿಸಿದರು. ಸಭೆ ಕೇಳುವುದನ್ನೇ ನಾವೂ ಕೇಳಬೇಕು ಎಂಬ ಹಟದಿಂದ, 1974ರಲ್ಲಿ ನೂರಾರು ಸ್ಪೀಕರುಗಳ ಗೋಡೆಯೊಂದನ್ನು ತಮ್ಮ ಬೆನ್ನ ಹಿಂದೆಯೇ ಕಟ್ಟಿದರು. ಹಾಗೆ ಕಟ್ಟಿದರೆ ಮೈಕು ಕೂಗದಿರುತ್ತದೆಯೇ? ಒಬ್ಬೊಬ್ಬ ಗಾಯಕನಿಗೂ ಎರಡೆರಡು ಮೈಕುಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಎರಡಕ್ಕೂ ಸಮನಾಗಿ ಬೀಳುವ ಗೋಡೆಯ ಸದ್ದು ಅಳಿಸಿಹೋಗುವಂತೆಯೂ, ತುಟಿ ತಾಗಿಸಿ ಹಾಡಿದ ಒಂದರ ದನಿ ಮಾತ್ರ ಉಳಿಯುವಂತೆಯೂ ಮಾಡಿದರು. ಇದಕ್ಕೆ ಮುಂಚೆ 1973ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಹೊಸ ಸ್ಪೀಕರುಗಳನ್ನು ಮೊದಲಬಾರಿಗೆ ಸಭೆಯ ಮುಂದಿಟ್ಟಾಗ, ಹಾಡು ಆರಂಭವಾಗುತ್ತಲೇ ತಾರಸ್ವರಗಳನ್ನು ನುಡಿಸುವ ಸ್ಪೀಕರುಗಳೆಲ್ಲ ಒಟ್ಟಿಗೆ ಸುಟ್ಟುಹೋದುವಂತೆ. ಸಾಗಿಸುವ ಖರ್ಚನ್ನು ತಾಳಲಾರದೆ ಆ ಗೋಡೆಯನ್ನು ವರ್ಷ ತುಂಬುವುದರೊಳಗೆ ಕಳಚಿಡಬೇಕಾಯಿತು.

ವೇದಿಕೆಯ ಮೇಲೆ ಕಚೇರಿಗೆ ಮುಂಚೆ ನಡೆಯುವ ಸಿದ್ಧತೆಯನ್ನು ಜನ ಕಚೇರಿಯೆಂದೇ ಭಾವಿಸುವುದೂ ಉಂಟು. 1971ರ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ನಡೆದ ಸಂಗೀತೋತ್ಸವದಲ್ಲಿ ಪಂಡಿತ ರವಿಶಂಕರರು, ಅಲಿ ಅಕ್ಬರ್ ಖಾನರು ಮತ್ತು ಅಲ್ಲಾ ರಖಾ ಅವರು ವಾದ್ಯಗಳ ಶ್ರುತಿ ಕೂಡಿಸಿ ಮುಗಿಸುತ್ತಲೇ ಸಭೆ ಚಪ್ಪಾಳೆಯ ಮಳೆಗರೆಯಿತು. ಶ್ರುತಿ ಮಾಡಿದ್ದೇ ಇಷ್ಟು ಮೆಚ್ಚುಗೆಯಾದರೆ, ನುಡಿಸುವುದು ಇನ್ನೂ ಮೆಚ್ಚುಗೆಯಾದೀತೆಂದು ರವಿಶಂಕರರು ವಿನಯದಿಂದ ನುಡಿದರು.

ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಹೊಂದಿಸಿದ್ದ ಧ್ವನಿ ಆರು ಗಂಟೆಗೆ ಕೆಡುವುದೇಕೆಂದು ವಿದ್ವಾಂಸರು ಮೈಕಿನವನನ್ನು ಗದರುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಇದಕ್ಕೆ ಉತ್ತರವನ್ನು ಹಾರ್ವರ್ಡಿನ ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕರು 1895ರಿಂದ ಆರಂಭಿಸಿ ಹಲವು ವರ್ಷ ರಾತ್ರಿಗಳನ್ನು ಸವೆಸಿ ಕಂಡುಕೊಂಡರು. ಅಲ್ಲಿನ ಉಪನ್ಯಾಸಮಂದಿರವೊಂದರಲ್ಲಿ ನುಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಗುಂಯ್‌ಗುಟ್ಟುತ್ತಿದ್ದಿತು. ಸಬೈನರು ಹತ್ತಿರದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಒಂದೊಂದಾಗಿ ಹರಡಿ, ಸದ್ದು ಅಡಗಲು ಹಿಡಿಯುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ಮತ್ತೆ ಅಲ್ಲಿಗೇ ಒಯ್ದಿಡುತ್ತಿದ್ದರು. ಮೆತ್ತೆಯಂತೆಯೇ ಮನುಷ್ಯದೇಹವೂ ಉಡುಪೂ ನಾದವನ್ನು ಹೀರುತ್ತವೆಂಬುದು ಅವರ ಲೆಕ್ಕದಿಂದ ಸ್ಥಿರಪಟ್ಟಿತು. ನಾಲ್ಕು ಗಂಟೆಗೆ ಇದ್ದುದು ಬರಿಯ ಕುರ್ಚಿಗಳು. ಆರು ಗಂಟೆಗೆ ಬಂದುದು ಎಂಟುನೂರು ಮಂದಿ, ಅವರ ರೇಷ್ಮೆ ಸೀರೆಗಳು, ಶಾಲುಗಳು. ಮೃದಂಗದವರ ದೂರೊಂದಕ್ಕೂ ಇಂಥದೇ ಆಧಾರವಿದೆ. ನಾದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ವೇದಿಕೆಯಿಂದ 34 ಮೀಟರ್ ದೂರದ ಗೋಡೆಗೆ ಬಡಿದು ಮರಳಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಸೆಕೆಂಡಿಗೆ ಎಂಟು ಪೆಟ್ಟು ನುಡಿಸುವ ಕೈಗೆ ಹಿಂದಿನ ಪೆಟ್ಟಿನ ನೆರಳು ಮುಂದಿನ ಪೆಟ್ಟುಗಳ ನಡುವೆ ಬಂದು ಬೀಳುತ್ತದೆ. ಗೋಡೆ ತಾಳ ತಪ್ಪುತ್ತಿದೆ ಎಂದು ಒಬ್ಬ ವಿದ್ವಾಂಸರು ಮುನಿದುದನ್ನು ಕೇಳಿ ಅಂದು ಎಲ್ಲರೂ ನಕ್ಕರು. ಅವರು ಹೇಳಿದ್ದು ಅಕ್ಷರಶಃ ಸತ್ಯ.

ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಲಿಯ ಚಪ್ಪರದಡಿ ಕುಳಿತು ಕೇಳಿ ಬೆಳೆದ ನನಗೆ, ಪರದೆ ಏಳುವ ಮುಂಚಿನ ಆ ಅರ್ಧ ಗಂಟೆಯೂ ಕಚೇರಿಯಷ್ಟೇ ಪ್ರಿಯವಾದುದು. ಅದನ್ನು ಸಂಘಟಕರು ಸಾಮಾನ್ಯವಾಗಿ ಕೊಡುವುದೇ ಇಲ್ಲ; ಗಣ್ಯರ ಭಾಷಣಕ್ಕೆ ಸಿಗುವ ಸಮಯ ಮೈಕು ಹೊಂದಿಸುವುದಕ್ಕೆ ಸಿಗದು, ಆದುದರಿಂದಲೇ ಮೊದಲ ವರ್ಣ ಪೂರ್ತಿಯಾಗಿ ಕೈಸನ್ನೆಗಳಲ್ಲಿ ಕಳೆದುಹೋಗುತ್ತದೆ. ಎರಡು ವರ್ಷಗಳ ಕೆಳಗೆ ಒಂದು ಚಿಕ್ಕ ಸಭೆಯಲ್ಲಿ ಮಾತ್ರ ಬೇರೆಯಾದುದನ್ನು ಕಂಡೆನು. ಬೇಸ್ ಹೆಚ್ಚಾಯಿತೆಂದು ಗಾಯಕರೂ, ಸಭೆಗೆ ಸರಿಯಾಗಿದೆಯೆಂದು ಮೈಕಿನವರೂ ಪಟ್ಟು ಹಿಡಿದಿದ್ದ ಸಮಯದಲ್ಲಿ, ಗಾಯಕರು ಶಿಷ್ಯೆಯನ್ನು ಹಾಡಲು ಹೇಳಿ ತಾವು ಎದ್ದು ಕಡೆಯ ಸಾಲಿಗೆ ಹೋಗಿ ಕುಳಿತರು. ಮೈಕಿನವರನ್ನು ಕರೆದು ಮೃದಂಗದವರ ಪಕ್ಕದಲ್ಲಿ ಕೂಡಿಸಿದರು. ಶಿಷ್ಯೆ ಒಂದು ಪಲ್ಲವಿಯನ್ನು ಎರಡು ಸಲ ಹಾಡಿದಳು. ಕಡೆಯ ಸಾಲಿನಿಂದ ಗಾಯಕರು ಕೈಯೆತ್ತಿ, “ಇಲ್ಲಿ ನೀವು ಹೇಳಿದ್ದೇ ಸರಿ,” ಎಂದರು. ವೇದಿಕೆಯ ಮೇಲಿನಿಂದ ಮೈಕಿನವರು, “ಸ್ವಾಮೀ, ಇಲ್ಲಿ ಕೂತರೆ ಪಿಟೀಲೇ ಕೇಳೋದಿಲ್ಲವಲ್ಲ,” ಎಂದು ಎದ್ದು, ಮಾನಿಟರ್ ಪೆಟ್ಟಿಗೆಯನ್ನು ಒಂದು ಗೇಣು ಮೃದಂಗದ ಕಡೆಗೆ ಸರಿಸಿದರು.